ಪ್ರಪೋಸಲ್ ಫಾರಂನಲ್ಲಿ ಇಲ್ಲದ ಪ್ರಶ್ನೆ

2025ರ ಜೂನ್ ತಿಂಗಳಲ್ಲಿ ಹಾಸನದವರು ಎಂದು ಹೇಳಿಕೊಂಡರೆ ಸಾಕಿತ್ತು, ಎದುರಿನವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಿದ್ದರು. ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಟಿ.ವಿ.ಯಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ನಮ್ಮ ಕಡೆಯ ಜನ ಬೆಳಗಿನ ಜಾವದ ಬಸ್ಸು ಹಿಡಿದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು.

ನಾನು ಜೀವ ವಿಮೆಯ ಏಜೆಂಟ್. ಲ್ಯಾಪ್ಸ್ ಆಗಿ ಬೀರುವಿನ ತಳ ಸೇರಿದ್ದ ಪಾಲಿಸಿಗಳೆಲ್ಲ ಆ ತಿಂಗಳು ಮೇಲೆದ್ದು ಬಂದವು. ‘ಅಕ್ಕ, ಬಾಕಿ ಕಂತು ಕಟ್ಟಿದರೆ ಮತ್ತೆ ಶುರು ಮಾಡಿಕೊಡುತ್ತಾರಾ?’ ಎಂದು ಕೇಳುವವರೇ ಎಲ್ಲರೂ. ಕೇಳಿದವರು ಫೋನ್ ಇಡುವ ಮೊದಲು ಸಾವಿಗೆ ತಮ್ಮದೊಂದು ಕಾರಣವನ್ನೂ ಸೇರಿಸುತ್ತಿದ್ದರು. ಕೆಲವರಿಗೆ ಲಸಿಕೆ, ಕೆಲವರಿಗೆ ಮೊಬೈಲ್ ಟವರ್. ಆದರೆ ಸಾವಿನ ಮನೆಗಳ ಜಗಲಿಯಲ್ಲಿ ಕುಳಿತಾಗ ಕಿವಿಗೆ ಬಿದ್ದದ್ದು ಇವೆಲ್ಲಕ್ಕಿಂತ ಹಳೆಯದು: ‘ಮಾಡಿದ್ದು ಬಿಡುತ್ತದೆಯೇ? ಕರ್ಮ.’

ಬೆಂಗಳೂರಿನ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಎಂದಿತು. ಉಳಿದವರ ವಿಚಾರದಲ್ಲಿ ಕಂಡದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ–ಸಿಗರೇಟು, ಮದ್ಯ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಪಾಲು ಎದ್ದು ಕಾಣುವಷ್ಟಿತ್ತು. ಹಿಂದಿನದಕ್ಕೆ ಹೋಲಿಸಿದರೆ ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ ಎಂಬುದು ಅದರ ಮಾತು. ಯಾರಿಗೂ ಈ ವರದಿ ರುಚಿಸಲಿಲ್ಲ. ಊರಿಗೆ ವಿಶೇಷವಾಗಿ ಏನೂ ಆಗಿಲ್ಲ, ಜನ ಹೀಗೆಯೇ ಸಾಯುತ್ತಿದ್ದರು, ಈ ಸಲ ಎಣಿಸಿದರು ಎಂದರೆ ಯಾರಿಗೆ ಸಮಾಧಾನ?

ನಮ್ಮ ಮಾವ ಭೌತಶಾಸ್ತ್ರದ ಉಪನ್ಯಾಸಕರಾಗಿ ನಿವೃತ್ತರಾದವರು. ಅವರಿಗೆ ಕರ್ಮವು ನಂಬಿಕೆಯ ವಿಷಯವಲ್ಲ, ವಿಜ್ಞಾನ. ‘ನೋಡಮ್ಮ, ನ್ಯೂಟನ್ನನ ಮೂರನೆಯ ನಿಯಮ ಏನು ಹೇಳುತ್ತದೆ? ಪ್ರತಿ ಕ್ರಿಯೆಗೂ ಅಷ್ಟೇ ಪ್ರಮಾಣದ ವಿರುದ್ಧ ಪ್ರತಿಕ್ರಿಯೆ. ಇದನ್ನು ನಮ್ಮವರು ಎಂದೋ ಹೇಳಿದ್ದರು’ ಎನ್ನುತ್ತಾರೆ. ಮೂವತ್ತು ವರ್ಷ ಈ ನಿಯಮವನ್ನು ಪಾಠ ಮಾಡಿದವರ ಬಾಯಲ್ಲಿ ಈ ಮಾತು ಬಂದರೆ ನನಗೆ ರೇಗುತ್ತದೆ. ನಾನು ಗೋಡೆಯನ್ನು ತಳ್ಳಿದ ಕ್ಷಣದಲ್ಲೇ ಗೋಡೆ ನನ್ನನ್ನು ತಳ್ಳುತ್ತದೆ; ಮುಂದಿನ ಜನ್ಮದವರೆಗೆ ಕಾಯುವುದಿಲ್ಲ. ನಾನು ಯಾವ ಉದ್ದೇಶದಿಂದ ತಳ್ಳಿದೆ ಎಂದು ಕೇಳುವುದೂ ಇಲ್ಲ. ತಡವಾಗಿ ಬರುವ ಫಲ ಮತ್ತು ಉದ್ದೇಶದ ತೂಕ, ಇವೆರಡನ್ನೂ ತೆಗೆದುಹಾಕಿದರೆ ಕರ್ಮಸಿದ್ಧಾಂತದಲ್ಲಿ ಉಳಿಯುವುದಾದರೂ ಏನು? ಇಷ್ಟು ಹೇಳಿದರೆ ಮಾವ ನಗುತ್ತಾರೆ, ‘ಸ್ಥೂಲವಾಗಿ ಹೇಳಿದೆ’ ಎನ್ನುತ್ತಾರೆ.

ಅವರ ಎರಡನೆಯ ಬಾಣ ಇಯಾನ್ ಸ್ಟೀವನ್‌ಸನ್. ವರ್ಜೀನಿಯಾ ವಿಶ್ವವಿದ್ಯಾಲಯದ ಈ ಮನೋವೈದ್ಯರು ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳನ್ನು ಹುಡುಕಿಕೊಂಡು ದೇಶದೇಶ ಸುತ್ತಿದರು. 1966ರಲ್ಲಿ ಅಂತಹ ಇಪ್ಪತ್ತು ಪ್ರಕರಣಗಳ ಪುಸ್ತಕ ತಂದರು. ನಮ್ಮ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚ ಕೂಡ ಇದೇ ದಾರಿಯಲ್ಲಿ ಕೆಲಸ ಮಾಡಿದವರು. ಆ ಮಕ್ಕಳ ಮಾತನ್ನು ನಂಬುವುದು ಬಿಡುವುದು ಬೇರೆ ಜಗಳ. ವಾದಕ್ಕೆ ಒಪ್ಪಿಕೊಳ್ಳೋಣ. ಒಬ್ಬ ಹುಡುಗನಿಗೆ ಪಕ್ಕದ ಊರಿನ ಸತ್ತ ಅಂಗಡಿಯವನ ನೆನಪುಗಳು ಬಂದವು ಎಂದೇ ಇಟ್ಟುಕೊಂಡರೂ ಸಿದ್ಧವಾಗುವುದು ನೆನಪು ದಾಟಿತು ಎಂಬುದಷ್ಟೆ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ್ದಕ್ಕೆ ಹುಡುಗ ಕುಂಟನಾಗಿ ಹುಟ್ಟಿದ ಎಂಬುದಕ್ಕೆ ಇದರಲ್ಲಿ ಸಾಕ್ಷಿಯಿಲ್ಲ. ಪುನರ್ಜನ್ಮ ಒಂದು, ಅದರೊಳಗೆ ಕುಳಿತು ಜಮಾಖರ್ಚು ಬರೆಯುವ ನ್ಯಾಯ ಇನ್ನೊಂದು.

ನನ್ನ ವಾದ ನನ್ನ ಚೀಲದಲ್ಲೇ ಇದೆ. ಅದು ಪ್ರಪೋಸಲ್ ಫಾರಂ, ವಿಮೆ ಬೇಕೆನ್ನುವವರು ತುಂಬಿಕೊಡುವ ಅರ್ಜಿ.

ವಿಮೆ ಮಾಡಿಸಿದವರಿಗೆ ಗೊತ್ತು, ಆ ಫಾರಂ ಎಷ್ಟು ನಾಚಿಕೆಯಿಲ್ಲದ್ದು ಎಂದು. ವಯಸ್ಸು, ಎತ್ತರ, ತೂಕ, ಕೆಲಸ. ತಂಬಾಕು ಉಂಟೇ, ಮದ್ಯ ಉಂಟೇ, ಎಷ್ಟು, ಎಂದಿನಿಂದ. ತಂದೆ ತಾಯಿ ಬದುಕಿದ್ದಾರೆಯೇ. ಇಲ್ಲದಿದ್ದರೆ ಎಷ್ಟನೆಯ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ಹೋದರು. ಅಣ್ಣತಮ್ಮಂದಿರ ಕಥೆಯೇನು. ಮನೆಯವರ ಮುಂದೆ ಹೇಳಲಾಗದ್ದನ್ನೂ ಅದಕ್ಕೆ ಹೇಳಬೇಕು. 1693ರಲ್ಲಿ ಎಡ್ಮಂಡ್ ಹ್ಯಾಲಿ, ಹೌದು, ಧೂಮಕೇತುವಿನ ಹ್ಯಾಲಿಯೇ, ಬ್ರೆಸ್ಲಾವ್ ನಗರದ ಜನನ ಮರಣದ ಲೆಕ್ಕದಿಂದ ಯಾವ ವಯಸ್ಸಿಗೆ ಎಷ್ಟು ಮಂದಿ ಉಳಿಯುತ್ತಾರೆ ಎಂಬ ಕೋಷ್ಟಕ ಮಾಡಿದ. ಅಂದಿನಿಂದ ಇಂದಿನವರೆಗೆ ವಿಮೆಯ ಗಣಿತಜ್ಞರಿಗೆ ಒಂದೇ ಕೆಲಸ: ಯಾರು ಬೇಗ ಸಾಯುತ್ತಾರೆ ಎಂದು ಮುಂಚೆಯೇ ಸುಳಿವು ಕೊಡುವ ಪ್ರಶ್ನೆ ಯಾವುದೆಂದು ಹುಡುಕುವುದು. ಅವರಿಗೆ ಧರ್ಮದ ಹಂಗಿಲ್ಲ, ನಾಸ್ತಿಕತೆಯ ಹಟವೂ ಇಲ್ಲ. ಸುಳ್ಳು ಹೇಳುವವರು ಬೇಗ ಸಾಯುತ್ತಾರೆ ಎಂದು ಅಂಕಿಅಂಶ ತೋರಿಸಿದ್ದರೆ, ನಾಳೆಯೇ ಫಾರಂನಲ್ಲಿ ಆ ಅಂಕಣ ಬರುತ್ತಿತ್ತು. ತಂದೆತಾಯಿಯನ್ನು ಹೊರಗಟ್ಟಿದ್ದೀರಾ, ಪಕ್ಕದವರ ಬೇಲಿ ಸರಿಸಿದ್ದೀರಾ ಎಂದೂ ಕೇಳುತ್ತಿದ್ದರು. ಮುನ್ನೂರು ವರ್ಷಗಳಿಂದ ಸಾವನ್ನು ಎಣಿಸುತ್ತಿರುವವರು, ಅದರಿಂದಲೇ ಹಣ ಮಾಡುವವರು, ಪಾಪಕ್ಕೆ ಒಂದು ಪೈಸೆಯ ಪ್ರೀಮಿಯಂ ಹಾಕಿಲ್ಲ. ಬೀಡಿಗೆ ಹಾಕಿದ್ದಾರೆ.

ಈ ಯೋಚನೆ ನನ್ನೊಬ್ಬಳದೇ ಅಲ್ಲ. 1872ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ಪಂಡಿತ ಪ್ರಾರ್ಥನೆಯಿಂದ ಆಯುಸ್ಸು ಹೆಚ್ಚುತ್ತದೆಯೇ ಎಂದು ಲೆಕ್ಕ ಹಾಕಿದ. ರಾಜಮನೆತನದವರ ದೀರ್ಘಾಯುಷ್ಯಕ್ಕಾಗಿ ದೇಶವೇ ಪ್ರಾರ್ಥಿಸುತ್ತದೆ. ಆದರೆ ಅನುಕೂಲಸ್ಥ ವರ್ಗಗಳಲ್ಲಿ ಎಲ್ಲರಿಗಿಂತ ಕಡಿಮೆ ಬದುಕಿದವರು ಅವರೇ, ಸರಾಸರಿ 64 ವರ್ಷ. ಗಾಲ್ಟನ್ ಮುಂದೆ ವಂಶಶುದ್ಧಿಯ ಹುಚ್ಚು ಹಚ್ಚಿಕೊಂಡು ಕೆಟ್ಟ ಹೆಸರು ಗಳಿಸಿದ, ಅದು ಬೇರೆ. ಈ ಒಂದು ಲೆಕ್ಕಕ್ಕೆ ಅವನಿಗೆ ನನ್ನ ನಮಸ್ಕಾರ.

ನಮ್ಮ ಅಜ್ಜಿ ‘ಹೆಣ್ಣಾಗಿ ಹುಟ್ಟಿದ್ದೇ ಹೋದ ಜನ್ಮದ ಪಾಪ’ ಎನ್ನುತ್ತಿದ್ದರು. ಅವಧಿಯೊಳಗೆ ಸತ್ತರೆ ಮಾತ್ರ ಹಣ ಬರುವ ಟರ್ಮ್ ಪಾಲಿಸಿಯಲ್ಲಿ ಹೆಂಗಸರಿಗೆ ಪ್ರೀಮಿಯಂ ಕಡಿಮೆ, ಏಕೆಂದರೆ ನಾವು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತೇವೆ. ಪಾಪಿಗಳಿಗೆ ರಿಯಾಯಿತಿ! ಅಥವಾ ಇನ್ನಷ್ಟು ವರ್ಷ ಅನುಭವಿಸಲಿ ಎಂಬುದೇ ಶಿಕ್ಷೆಯೋ? ಮಾವನಿಗೆ ಹೀಗೆ ಕೇಳಿದರೆ ಅವರು ಎರಡನೆಯದೇ ಸರಿ ಎನ್ನುತ್ತಾರೆ. ತೊಂದರೆ ಇರುವುದು ಅಲ್ಲಿಯೇ. ಬೇಗ ಸತ್ತರೂ ಕರ್ಮ, ಬಹಳ ಬದುಕಿದರೂ ಕರ್ಮ. ಯಾವ ಫಲಿತಾಂಶ ಬಂದರೆ ತಾನು ತಪ್ಪೆಂದು ಒಪ್ಪಿಕೊಳ್ಳುತ್ತೇನೆ ಎಂದು ಹೇಳಲಾರದ ಮಾತು ವಿಜ್ಞಾನವಾಗದು ಎಂದು ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ವಾದಿಸಿ ತೊಂಬತ್ತು ವರ್ಷವಾಯಿತು.

ಆದರೆ ಮಾವನ ಪಕ್ಷಕ್ಕೆ ಮಾವನಿಗಿಂತ ಗಟ್ಟಿಗರು ನಮ್ಮ ಜಿಲ್ಲೆಯಲ್ಲೇ ಇದ್ದರು. ಶ್ರವಣಬೆಳಗೊಳದ ಗೊಮ್ಮಟನನ್ನು 981ರಲ್ಲಿ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ. ಅವರು ಪ್ರಾಕೃತದಲ್ಲಿ ಬರೆದ ‘ಗೊಮ್ಮಟಸಾರ’ದ ಎರಡನೆಯ ಭಾಗದ ಹೆಸರೇ ಕರ್ಮಕಾಂಡ. ಬೆಳಗೊಳದಲ್ಲಿ ನನ್ನ ಪಾಲಿಸಿದಾರರಾದ ಒಬ್ಬ ಹಿರಿಯರು ಅದರ ಕನ್ನಡ ವಿವರಣೆಯನ್ನು ನನಗೆ ಓದಿ ಹೇಳಿದರು. ನಾನು ಕಂತು ವಸೂಲಿಗೆ ಹೋದವಳು ಮಧ್ಯಾಹ್ನದ ಊಟ ಮುಗಿಸಿಕೊಂಡು ಬಂದೆ.

ಜೈನರ ಕರ್ಮ ಹೊಗೆಯಂತಹ ಮಾತಲ್ಲ. ಅದು ದ್ರವ್ಯ, ಪುದ್ಗಲ. ಅತಿ ಸೂಕ್ಷ್ಮವಾದ ಕಣ. ಮನಸ್ಸು, ಮಾತು, ದೇಹ ಅಲುಗಿದಾಗ ಅದು ಜೀವದತ್ತ ಹರಿದುಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳಿದ್ದರೆ ಅಂಟಿಕೊಳ್ಳುತ್ತದೆ. ಮೂಲದಲ್ಲಿ ಎಂಟು ಬಗೆ, ಒಳಭೇದಗಳು 148. ಪ್ರತಿ ಬಂಧಕ್ಕೂ ನಾಲ್ಕು ವಿವರ ಕೊಡಬೇಕು: ಯಾವ ಸ್ವಭಾವದ್ದು, ಎಷ್ಟು ಕಾಲ ಇರುತ್ತದೆ, ಫಲದ ತೀವ್ರತೆ ಎಷ್ಟು, ಕಣಗಳ ಪ್ರಮಾಣ ಎಷ್ಟು. ಆಯುಸ್ಸಿಗೆ ಒಂದು ಕರ್ಮ, ಹುಟ್ಟಿನ ಅಂತಸ್ತಿಗೆ ಒಂದು, ಕೈಗೆ ಬಂದದ್ದು ಬಾಯಿಗೆ ಬಾರದಂತೆ ಮಾಡುವುದಕ್ಕೂ ಒಂದು, ಅಂತರಾಯ. ಎಲ್ಲಕ್ಕಿಂತ ದೊಡ್ಡ ವಿಷಯ, ಇದರಲ್ಲಿ ತೀರ್ಪು ಕೊಡುವ ದೇವರಿಲ್ಲ. ಯಾರೂ ಕುಳಿತು ಶಿಕ್ಷೆ ಬರೆಯುವುದಿಲ್ಲ. ಎಲ್ಲವೂ ತನ್ನ ಪಾಡಿಗೆ ತಾನು ನಡೆಯುವ ವ್ಯವಸ್ಥೆ. ವಿಮಾ ಪಾಲಿಸಿಯ ಷರತ್ತುಗಳನ್ನು ಓದಿ ಅಭ್ಯಾಸವಾದ ನನಗೆ ಆ ಅಚ್ಚುಕಟ್ಟು ನೋಡಿ ಕೈಮುಗಿಯಬೇಕು ಎನ್ನಿಸಿತು. ಸಾವಿರ ವರ್ಷದ ಹಿಂದೆ ಇಷ್ಟು ಸ್ಪಷ್ಟವಾಗಿ ವರ್ಗೀಕರಿಸಿ, ಅವಧಿ ನಿಗದಿಮಾಡಿ ಬರೆದವರು ಇಂದಿನ ‘ಕರ್ಮ ಕ್ವಾಂಟಂ ವಿಜ್ಞಾನ’ದ ಭಾಷಣಕಾರರನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ.

ಅವಧಿಯ ಮಾತು ಬಂತಲ್ಲ. ಜೀವವನ್ನು ಮರುಳುಮಾಡುವ ಮೋಹನೀಯ ಕರ್ಮದ ಗರಿಷ್ಠ ಅವಧಿ ಎಪ್ಪತ್ತು ಕೋಟಾಕೋಟಿ ಸಾಗರೋಪಮ. ಕೋಟಾಕೋಟಿ ಎಂದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದ್ದು. ಸಾಗರೋಪಮವಂತೂ ಎಣಿಕೆಗೆ ಸಿಗದ ಕಾಲ. ನಮ್ಮ 1938ರ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಫಾರಂನಲ್ಲಿ ಹೇಳಿದ ಸುಳ್ಳನ್ನೂ ಕೆದಕುವಂತಿಲ್ಲ. ಈ ಹೋಲಿಕೆ ಹೇಳಿದಾಗ ಆ ಹಿರಿಯರು ಬಿದ್ದು ಬಿದ್ದು ನಕ್ಕರು.

ರೂಪ ವಿಜ್ಞಾನದ್ದೇ, ಕೊರತೆ ಅಳತೆಯದು. ಆ ಕಣವನ್ನು ತೂಗುವ ಬಗೆ ಯಾರಿಗೂ ಸಿಕ್ಕಿಲ್ಲ. ಎಲ್ಲವನ್ನೂ ಅರಿತ ಕೇವಲಜ್ಞಾನಿಗೆ ಮಾತ್ರ ಅದು ಪ್ರತ್ಯಕ್ಷ ಎಂದು ಶಾಸ್ತ್ರವೇ ಹೇಳುತ್ತದೆ. ಎಂದ ಮೇಲೆ ಪ್ರಯೋಗಶಾಲೆಯವರು ಅಲ್ಲಿಗೇ ಕೈಮುಗಿದು ಹಿಂದಿರುಗಬೇಕು.

ಹಳಬರು ಎಲ್ಲವನ್ನೂ ಕರ್ಮದ ತಲೆಗೆ ಕಟ್ಟಿದವರೂ ಅಲ್ಲ. ಬೌದ್ಧರ ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣ ಎಣಿಸುತ್ತಾನೆ. ಪಿತ್ತ, ಕಫ, ವಾತ, ಮೂರೂ ಸೇರಿದ್ದು, ಋತು ಬದಲಾವಣೆ, ಅಜಾಗರೂಕತೆ, ಪರರ ಹಲ್ಲೆ. ಕರ್ಮದ ಫಲ ಎಂಟನೆಯದು. ಎಲ್ಲವೂ ಪೂರ್ವಕರ್ಮ ಎನ್ನುವವರು ಕಣ್ಣೆದುರಿನ ಅನುಭವವನ್ನೇ ಮೀರಿ ಮಾತನಾಡುತ್ತಿದ್ದಾರೆ ಎಂಬುದು ಅವನ ಉತ್ತರ.

ಚರಕಸಂಹಿತೆಯಲ್ಲಿ ಇನ್ನೂ ಖಾರವಾಗಿದೆ. ಇಡೀ ಜನಪದಕ್ಕೆ ಜನಪದವೇ ಒಟ್ಟಿಗೆ ಸಾಯುವುದೇಕೆ ಎಂದು ಚರ್ಚಿಸುವ ಅಧ್ಯಾಯವೊಂದು ಅದರ ವಿಮಾನಸ್ಥಾನ ಎಂಬ ಭಾಗದಲ್ಲಿದೆ. ಆ ಜೂನ್‌ನಲ್ಲಿ ಹಾಸನದವರೆಲ್ಲ ಓದಬೇಕಿದ್ದ ಅಧ್ಯಾಯ. ಅಲ್ಲಿ ಶಿಷ್ಯ ಅಗ್ನಿವೇಶ ಗುರು ಆತ್ರೇಯರನ್ನು ಕೇಳುತ್ತಾನೆ, ಆಯುಸ್ಸು ಮೊದಲೇ ನಿಶ್ಚಿತವೇ ಎಂದು. ಆತ್ರೇಯರ ಉತ್ತರ: ನಿಶ್ಚಿತವಾಗಿದ್ದರೆ ಔಷಧ ಏಕೆ, ಕೆರಳಿದ ಹಸು, ಆನೆ, ಕೋಣಗಳಿಂದ ದೂರ ಸರಿಯುವುದು ಏಕೆ? ದೈವವೂ ಉಂಟು, ಪುರುಷಪ್ರಯತ್ನವೂ ಉಂಟು, ಎರಡರ ಬಲಾಬಲದ ಮೇಲೆ ಆಯುಸ್ಸು. ಗಾಡಿಯ ಅಚ್ಚು ಚೆನ್ನಾಗಿದ್ದು ಸರಿಯಾಗಿ ನಡೆಸಿದರೆ ತನ್ನ ಕಾಲಕ್ಕೆ ಸವೆಯುತ್ತದೆ. ಮಿತಿಮೀರಿ ಹೇರಿದರೆ, ಕೆಟ್ಟ ದಾರಿಯಲ್ಲಿ ಓಡಿಸಿದರೆ ನಡುವೆಯೇ ಮುರಿಯುತ್ತದೆ ಎನ್ನುತ್ತಾರೆ ಅವರು. ಆಲೂರು, ಸಕಲೇಶಪುರದ ಕಡೆ ತೋಟಕ್ಕೆ ಹೋಗುವ ಮುನ್ನ ‘ಆನೆ ಎಲ್ಲಿದೆ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಿಸಿಕೊಳ್ಳುವವರೆಲ್ಲ ಆತ್ರೇಯರ ಶಿಷ್ಯರೇ, ಅವರಿಗೆ ಗೊತ್ತಿಲ್ಲ ಅಷ್ಟೆ.

ಇಷ್ಟು ವಾದ ಮಾಡುವ ನನ್ನನ್ನೂ ಅಲುಗಿಸಿದ್ದು ಮೈಸೂರಿನ ಒಂದು ಅಧ್ಯಯನ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ, ಹುಟ್ಟುವಾಗಿನ ತೂಕಕ್ಕೂ ಮುಂದಿನ ಹೃದ್ರೋಗಕ್ಕೂ ನಂಟಿದೆ ಎಂದು ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯ ಸಂಶೋಧಕರು ಹೇಳತೊಡಗಿದರು. ಅವರ ತಂಡದವರು ಈ ಹಳೆಯ ದಾಖಲೆಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ಬದುಕಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದು ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ಮೀರಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3. ತಾಯಿಯ ತೂಕ ಕಡಿಮೆಯಿದ್ದಾಗಲೂ ಮಕ್ಕಳಿಗೆ ಅಪಾಯ ಹೆಚ್ಚು.

ಎಂದರೆ, ಬಸುರಿಯಾಗಿದ್ದಾಗ ಅರೆಹೊಟ್ಟೆ ಉಂಡ ತಾಯಿಯ ಹಸಿವು ಮಗನ ಎದೆಯಲ್ಲಿ ಅರ್ಧ ಶತಮಾನ ಅವಿತು ಕುಳಿತು ಆಮೇಲೆ ಎದ್ದು ಬರುತ್ತದೆ. ಹುಟ್ಟುವ ಮೊದಲು ನಡೆದದ್ದು, ನೆನಪಿನಲ್ಲಿ ಇಲ್ಲದ್ದು, ದೇಹಕ್ಕೆ ಅಂಟಿಕೊಂಡು ಬಂದದ್ದು, ತಡವಾಗಿ ಫಲ ಕೊಡುವುದು. ಪ್ರಾರಬ್ಧದ ಲಕ್ಷಣಗಳು ಇವೇ ಅಲ್ಲವೇ? ಮಾವನಿಗೆ ಇದನ್ನು ಓದಿ ಹೇಳಿದಾಗ ಅವರು ಕನ್ನಡಕ ತೆಗೆದು ‘ಗೆದ್ದೆ’ ಎಂಬಂತೆ ನೋಡಿದರು.

ಗೆದ್ದದ್ದು ಅರ್ಧ ಮಾತ್ರ. ಇಲ್ಲಿ ಫಲ ಉಣ್ಣುವವನು ಮಾಡಿದವನಲ್ಲ. ತಾಯಿಯೂ ಪಾಪ ಮಾಡಿದವಳಲ್ಲ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಂಡವಳು. ನಮ್ಮ ಸಮಾಜ ಅದನ್ನು ಪುಣ್ಯದ ಲೆಕ್ಕದಲ್ಲಿ ಬರೆಯುತ್ತದೆ. ಪಾಪವೆಂಬುದು ಇದ್ದರೆ ಅದು ಆಕೆಗೆ ಅನ್ನ ಕೊಡದವರದ್ದು, ಅವರ ಎದೆಗೆ ಏನೂ ಆಗಿಲ್ಲ. ಕಾರಣದ ಸರಪಳಿಯನ್ನು ವಿಜ್ಞಾನ ಹಿಡಿದು ತೋರಿಸಿದೆ, ಅದೂ ನಾವು ಎಣಿಸಿದ್ದಕ್ಕಿಂತ ಉದ್ದದ ಸರಪಳಿ. ಆ ಸರಪಳಿಯ ಯಾವ ಕೊಂಡಿಯಲ್ಲೂ ನ್ಯಾಯದ ಮುದ್ರೆ ಇಲ್ಲ. ನನಗೆ ಕರ್ಮದಲ್ಲಿ ತಕರಾರು ಇರುವುದು ಆ ಮುದ್ರೆಯ ಬಗ್ಗೆ ಮಾತ್ರ.

ಆ ಮುದ್ರೆಯನ್ನು ಒತ್ತುವವರು ನಾವೇ ಎಂಬುದಕ್ಕೆ ಒಂದು ಪ್ರಯೋಗವಿದೆ. 1966ರಲ್ಲಿ ಮೆಲ್ವಿನ್ ಲರ್ನರ್, ಕ್ಯಾರೊಲಿನ್ ಸಿಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರಿಗೆ ಒಂದು ದೃಶ್ಯ ತೋರಿಸಿದರು: ಪಾಠ ಕಲಿಯುತ್ತಿರುವ ಹೆಂಗಸೊಬ್ಬಳಿಗೆ ತಪ್ಪು ಉತ್ತರಕ್ಕೆಲ್ಲ ವಿದ್ಯುತ್ ಶಾಕ್. ಅದು ನಟನೆ ಎಂದು ನೋಡುವವರಿಗೆ ಗೊತ್ತಿಲ್ಲ. ಅವಳ ಹಿಂಸೆಯನ್ನು ತಪ್ಪಿಸಬಹುದು ಎಂದುಕೊಂಡವರು ಅವಳ ಬಗ್ಗೆ ಹೆಚ್ಚು ಕೆಟ್ಟದಾಗಿ ಹೇಳಲಿಲ್ಲ. ತಪ್ಪಿಸಲಾಗದು, ಅದು ಮುಂದುವರಿಯುತ್ತದೆ ಎಂದು ತಿಳಿದವರು ಅವಳ ಗುಣವನ್ನೇ ಕೀಳಾಗಿ ಕಂಡರು. ಜಗತ್ತಿನಲ್ಲಿ ನ್ಯಾಯವಿದೆ ಎಂಬ ನಂಬಿಕೆ ಉಳಿಯಬೇಕಾದರೆ ನರಳುವವಳಲ್ಲಿ ಏನಾದರೂ ಕೊರೆ ಇರಲೇಬೇಕು. ಸಾವಿನ ಮನೆಯ ಜಗಲಿಯಲ್ಲಿ ನಾನು ಕೇಳಿಸಿಕೊಳ್ಳುವುದು ಇದನ್ನೇ.

ಮಾವ ಇದಕ್ಕೂ ಮಣಿಯುವವರಲ್ಲ. ‘ನಿನ್ನ ಕೋಷ್ಟಕ ಸಾವಿರದಲ್ಲಿ ಎಷ್ಟು ಜನ ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಒಂದೇ ವಯಸ್ಸು, ಒಂದೇ ಸಕ್ಕರೆ, ಒಂದೇ ಬೀಡಿ. ಇವನು ಹೋದ, ಅವನು ಉಳಿದ. ಏಕೆ? ನೀನು ಆಕಸ್ಮಿಕ ಎನ್ನುತ್ತೀಯ. ಅದೊಂದು ಉತ್ತರವೇ?’ ಎಂದು ಕೇಳಿದರು. ಅವರ ಪ್ರಶ್ನೆಗಳಲ್ಲಿ ಒಳ್ಳೆಯದು ಇದೊಂದೇ. ಆ ಏಕೆಗೆ ನನ್ನ ಬಳಿ ಉತ್ತರವಿಲ್ಲ, ಹಾಗೆಯೇ ಹೇಳಿದೆ. ಆದರೆ ಕರ್ಮಕ್ಕೆ ಗೊತ್ತಿದ್ದರೆ ಮುಂಚೆಯೇ ಹೇಳಲಿ ಎಂದೆ. ನಮ್ಮ ಬೀದಿಯ ಪುಣ್ಯವಂತರು, ಪಾಪಿಗಳ ಪಟ್ಟಿ ಬರೆದು ಲಕೋಟೆಯಲ್ಲಿ ಮುಚ್ಚಿಡೋಣ, ಇಪ್ಪತ್ತು ವರ್ಷದ ಮೇಲೆ ಮೊಮ್ಮಕ್ಕಳು ತೆರೆದು ನೋಡಲಿ. ‘ಪಟ್ಟಿ ಬರೆಯುವುದಕ್ಕೆ ನಾವು ಯಾರು?’ ಎಂದರು ಮಾವ. ಸತ್ತ ಮೇಲೆ ಬರೆಯಲು ಎಲ್ಲರೂ ಸಿದ್ಧರಿದ್ದಾರಲ್ಲ ಎಂದೆ. ಆ ದಿನ ರಾತ್ರಿ ಊಟಕ್ಕೆ ಕುಳಿತಾಗ ಮಾತಿರಲಿಲ್ಲ.

ಮೊನ್ನೆ ಕ್ಲೇಮ್ ಕಾಗದಕ್ಕೆ ಸಹಿ ಹಾಕಿಸಲು ಒಂದು ಮನೆಗೆ ಹೋಗಿದ್ದೆ. ಆಟೊ ಓಡಿಸುತ್ತಿದ್ದವರು, ನಲವತ್ತೈದು ದಾಟಿರಲಿಲ್ಲ. ಹೆಂಡತಿ ನಾಮಿನಿ. ಮರಣ ಪ್ರಮಾಣಪತ್ರ, ಬಾಂಡ್, ಪಾಸ್‌ಬುಕ್ ಎಲ್ಲವನ್ನೂ ಜೋಡಿಸಿಟ್ಟಿದ್ದರು. ‘ಅಕ್ಕ, ನಾವು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ. ನಮ್ಮ ಅತ್ತೆ ಕಡೆಯವರು ಎಲ್ಲ ನನ್ನ ಕಾಲ್ಗುಣ ಎನ್ನುತ್ತಾರೆ’ ಎಂದರು. ಅದೆಲ್ಲ ಇಲ್ಲಮ್ಮ, ಬಿ.ಪಿ. ಇತ್ತು, ಮಾತ್ರೆ ನಿಲ್ಲಿಸಿದ್ದರು, ರಾತ್ರಿ ಬಾಡಿಗೆ ಬಿಡುತ್ತಿರಲಿಲ್ಲ, ಅವರ ಅಪ್ಪನೂ ಹೀಗೆಯೇ ಹೋದದ್ದು ಎಂದು ನನಗೆ ಗೊತ್ತಿದ್ದ ಕಾರಣಗಳನ್ನು ಒಂದೊಂದಾಗಿ ಹೇಳಿದೆ. ಕಾಲೇಜಿಗೆ ಹೋಗುವ ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಇವನಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿಸಿ, ಆಮೇಲೆ ಸಣ್ಣದೊಂದು ಪಾಲಿಸಿ ಮಾಡಿಸೋಣ ಎಂದೆ.

‘ಇವನಿಗೆ ಕಂತು ಎಷ್ಟು ಬರುತ್ತದೆ?’

ಅಪ್ಪ, ಅಜ್ಜ ಇಬ್ಬರೂ ಬೇಗ ಹೃದಯದ ಕಾಯಿಲೆಯಿಂದ ಹೋದವರು ಎಂದು ಫಾರಂನಲ್ಲಿ ಬರೆಯಲೇಬೇಕು, ಹೆಚ್ಚಿನ ಪರೀಕ್ಷೆ ಕೇಳಬಹುದು, ಬೇರೆ ಹುಡುಗರಿಗಿಂತ ಪ್ರೀಮಿಯಂ ಸ್ವಲ್ಪ ಜಾಸ್ತಿಯೂ ಆಗಬಹುದು ಎಂದೆ. ಆಕೆ ನನ್ನನ್ನೇ ನೋಡಿದರು. ‘ಅಪ್ಪ ಸತ್ತದ್ದಕ್ಕೆ ಮಗನಿಗೆ ದಂಡವೇ, ಅಕ್ಕ? ಮತ್ತೆ ಅವರು ಹೇಳುವುದಕ್ಕೂ ನೀವು ಹೇಳುವುದಕ್ಕೂ ಏನು ವ್ಯತ್ಯಾಸ?’

ದಂಡ ಅಲ್ಲಮ್ಮ, ಅಪಾಯದ ಲೆಕ್ಕ ಎಂದು ವಿವರಿಸತೊಡಗಿದೆ. ಹುಡುಗ ನಡುವೆ ಬಾಯಿ ಹಾಕಿ, ರಕ್ತ ಪರೀಕ್ಷೆಗೆ ಬರಿ ಹೊಟ್ಟೆಯಲ್ಲಿ ಹೋಗಬೇಕಾ ಎಂದು ಕೇಳಿದ.